ವೈಬ್ರೇಟರ್ ಬೋಲ್ಟ್ ಮುರಿಯೋದು ಹೇಗೆ ನಿಲ್ಲಿಸಿದೆ: ನನ್ನ ಅನುಭವ

ಚಿಕ್ಕಬಳ್ಳಾಪುರ ಕಡೆಯ ಒಂದು ಕಲ್ಲಿನ ಕ್ರಷರ್. ಕಲ್ಲು ಜರಡಿ ಹಿಡಿಯೋ ಸ್ಕ್ರೀನನ್ನು ಅದುರಿಸುವ ವೈಬ್ರೇಟರ್ ಹಿಡಿದಿರೋದು ಎಂಟು ಎಂ24 (24 ಮಿಲಿಮೀಟರ್ ದಪ್ಪದ) ಬೋಲ್ಟ್. ಮೂರು ವಾರಕ್ಕೊಮ್ಮೆ ಒಂದೋ ಎರಡೋ ಮುರಿಯುತ್ತಿದ್ದವು, ಅದೂ ನಟ್‌ನ ಮೊದಲ ಥ್ರೆಡ್‌ನಲ್ಲೇ. ಒಂದು ದಿನ ನಿಂತರೆ ಯಜಮಾನರಿಗೆ 60–70 ಸಾವಿರ ನಷ್ಟ. ಎಲ್ಲರೂ ಹೇಳಿದ್ದು ಒಂದೇ ಮಾತು: "ಇನ್ನೂ ಗಟ್ಟಿ ಬೋಲ್ಟ್ ಹಾಕಿ." ನಾನೂ ಮೊದಲು ಅದನ್ನೇ ಮಾಡಿದೆ.

10.9 ಗ್ರೇಡ್ ತೆಗೆದು ಅದಕ್ಕಿಂತ ಗಟ್ಟಿಯ 12.9 ಗ್ರೇಡ್ ತಂದೆ, ಜಿಂಕ್ ಪ್ಲೇಟಿಂಗ್ ಮಾಡಿದ್ದು. ಬಿಗಿ ಮಾಡಿ ಮನೆಗೆ ಹೋದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಎರಡು ಬೋಲ್ಟಿನ ತಲೆ ನೆಲದ ಮೇಲೆ. ಮೆಷಿನ್ ಓಡಿಯೇ ಇರಲಿಲ್ಲ! ಮುರಿದ ಮುಖ ಸಕ್ಕರೆ ಹರಳಿನ ಹಾಗೆ, ನಿಧಾನವಾಗಿ ಬೆಳೆದ ಬಿರುಕು ಬಿಡುವ ಉಂಗುರದ ಗುರುತು ಒಂದೂ ಇಲ್ಲ. ಪ್ಲೇಟಿಂಗ್ ಮಾಡಿದವರು ಆಮೇಲೆ 200 ಡಿಗ್ರಿಯಲ್ಲಿ ಬೇಕ್ ಮಾಡಿರಲಿಲ್ಲ, ಪ್ಲೇಟಿಂಗ್‌ನಲ್ಲಿ ಉಕ್ಕಿನೊಳಗೆ ಹೋದ ಹೈಡ್ರೋಜನ್ ಅಲ್ಲೇ ಉಳಿದು ಬೋಲ್ಟನ್ನು ಪೆಡಸು ಮಾಡಿತ್ತು. 4–5 ಸಾವಿರ ಹೋಯಿತು. ಆಮೇಲೆ ಲೇತ್‌ನಲ್ಲಿ ಥ್ರೆಡ್ ಕತ್ತರಿಸಿ ಮಾಡಿಸಿದ ಬೋಲ್ಟ್ ಹಾಕಿದೆ, ಅದು ಆರೇ ದಿನ ಬಂತು. ರೋಲ್ ಮಾಡಿದ (ಕತ್ತರಿಸದೆ ಒತ್ತಿ ಮೂಡಿಸಿದ) ಥ್ರೆಡ್ ಬಿಟ್ಟು ಬೇರೇನೂ ಇಂಥ ಜಾಗಕ್ಕೆ ಹಾಕಬೇಡಿ.

ಹಳೇ ಬೋಲ್ಟ್‌ಗಳು ಡಬ್ಬದಲ್ಲಿ ಬಿದ್ದಿದ್ದವು. ಒಂದು ಭಾನುವಾರ ಕೂತು ಲೆನ್ಸ್ ಹಿಡಿದು ನೋಡಿದೆ. ಸುಮಾರು ಮುಕ್ಕಾಲು ಭಾಗ ಬಿರುಕು ನಿಧಾನವಾಗಿ ತಿಂದಿದೆ, ಉಂಗುರ ಉಂಗುರವಾಗಿ. ಕೊನೆಗೆ ಪಟ್ಟನೆ ಮುರಿದದ್ದು ಕಾಲು ಭಾಗ ಮಾತ್ರ. ಕಾಲು ಭಾಗ ಉಳಿದರೂ ಲೋಡ್ ಹೊತ್ತಿತ್ತು ಅಂದ್ರೆ ಬೋಲ್ಟಿನ ಶಕ್ತಿ ಕಡಿಮೆ ಅಲ್ಲ, ಅಲ್ವಾ? ತೊಂದರೆ ಬಿಗಿಯಲ್ಲಿದೆ. ಬಿಗಿ ಇಳಿದಾಗ ಪ್ರತಿ ಅದುರೂ ನೇರ ಥ್ರೆಡ್‌ನ ಬುಡಕ್ಕೆ ಹೋಗುತ್ತೆ. ಸ್ಕ್ರೀನ್ 900 ಆರ್‌ಪಿಎಂ, ಅಂದ್ರೆ ಗಂಟೆಗೆ 54,000 ಸಲ. ದಿನಕ್ಕೆ 8 ಗಂಟೆ ಓಡಿದರೆ 23 ದಿನಕ್ಕೆ ಒಂದು ಕೋಟಿ. ಮೂರು ವಾರದ ಲೆಕ್ಕ ಆಗ ಹೊಳೆಯಿತು.

ಬಿಗಿ ಯಾಕೆ ಇಳಿಯುತ್ತೆ? ಬೋಲ್ಟಿನ ಹಿಡಿತ, ಅಂದ್ರೆ ತಲೆಗೂ ನಟ್‌ಗೂ ನಡುವಿನ ಉದ್ದ, ಬರೀ 40 ಮಿಲಿಮೀಟರ್. 10.9 ಬೋಲ್ಟನ್ನು ಪ್ರೂಫ್ ಲೋಡಿನ (ಶಾಶ್ವತವಾಗಿ ಹಿಗ್ಗದೆ ತಡೆಯೋ ಲೋಡ್) 70 ಪರ್ಸೆಂಟ್‌ಗೆ ಎಳೆದರೂ ಅದು ಹಿಗ್ಗೋದು 0.11 ಮಿಲಿಮೀಟರ್ ಅಷ್ಟೇ. ಮಧ್ಯದಲ್ಲಿ ಪೇಂಟ್, ಮೆತ್ತನೆ ವಾಷರ್. ಅವು 0.05 ಒತ್ತಿಕೊಂಡರೆ ಅರ್ಧ ಬಿಗಿ ಮಾಯ.

ನಟ್ ಕೆಳಗೆ 90 ಮಿಲಿಮೀಟರ್ ಉದ್ದದ ಬುಶ್ (ಕೊಳವೆಯಂಥ ತುಂಡು) ಹಾಕಿ, ಉದ್ದ ಬೋಲ್ಟ್ ಏರಿಸಿದೆ. ಹಿಡಿತ 130 ಆಯಿತು, ಹಿಗ್ಗು 0.35ರ ಆಸುಪಾಸು. ಈಗ ಅದೇ 0.05 ಹೋದರೂ ಏಳನೇ ಒಂದು ಪಾಲು ಮಾತ್ರ. ಪೇಂಟ್ ಪೂರ್ತಿ ಕೆರೆದೆ, ಗಟ್ಟಿ ವಾಷರ್ ಹಾಕಿದೆ. ಅಲ್ಲಿನ ಫಿಟರ್ "ಅಣ್ಣಾ, ಇಷ್ಟುದ್ದ ಬೋಲ್ಟ್ ಇನ್ನೂ ಬೇಗ ಮುರಿಯುತ್ತೆ" ಅಂದ. ಯಜಮಾನರೂ ದುಡ್ಡು ಕೊಡಲು ಒಪ್ಪಲಿಲ್ಲ, ಮೊದಲ ಸೆಟ್ 6,500 ಚಿಲ್ಲರೆ ನನ್ನ ಕೈಯಿಂದಲೇ ಹಾಕಿದೆ.

ತಿರುಗಿಸೋ ಬಲ (ಟಾರ್ಕ್) ಅಳೆಯೋ ಟಾರ್ಕ್ ರೆಂಚ್ ಒಂದನ್ನೇ ನಂಬಬೇಡಿ. ಒಂದೇ ಟಾರ್ಕ್‌ಗೆ ಕೆಲವು 0.22 ಹಿಗ್ಗಿದವು, ಕೆಲವು 0.38. ಎರಡು ತುದಿ ಉಜ್ಜಿ ಸಮ ಮಾಡಿ, ಬಿಗಿ ಮಾಡುವ ಮುಂಚೆ ಮತ್ತು ಆಮೇಲೆ ಮೈಕ್ರೋಮೀಟರ್‌ನಲ್ಲಿ ಅಳೆದೆ. ಥ್ರೆಡ್‌ಗೆ ಹಚ್ಚಿದ್ದು ಏನು, ಯಾವ ಸರದಿಯಲ್ಲಿ ಬಿಗಿ ಮಾಡಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಸುಮ್ನೆ ಕುತೂಹಲಕ್ಕೆ ನಟ್‌ನ ಮೊದಲ ಎರಡು ಥ್ರೆಡ್ ಸ್ವಲ್ಪ ಟೇಪರ್ ತೆಗೆದೂ ನೋಡಿದೆ, ಮೊದಲ ಥ್ರೆಡ್‌ಗೆ ಬೀಳೋ ಮೂರನೇ ಒಂದು ಪಾಲು ಲೋಡ್ ಹಂಚಿಹೋಗಲಿ ಅಂತ. ಹಳೇ ಗಿಡ್ಡ ಬೋಲ್ಟ್‌ಗೆ ಹಾಕಿದಾಗ ಮೂರು ವಾರದ್ದು ಐದು ವಾರ ಬಂತು. ಬುಶ್ ಬಂದ ಮೇಲೆ ಅದರ ಗೋಜಿಗೆ ಹೋಗಲಿಲ್ಲ. ಡೈ ಪೆನೆಟ್ರಂಟ್‌ನಲ್ಲಿ (ಬಿರುಕಿಗೆ ಇಳಿಯೋ ಬಣ್ಣ) ಬಿರುಕು ಹುಡುಕೋದೂ ಬೇಡ, ಥ್ರೆಡ್ ಬುಡದಲ್ಲೆಲ್ಲ ಬಣ್ಣ ನಿಂತು ಎಲ್ಲವೂ ಬಿರುಕಿನ ಹಾಗೇ ಕಾಣುತ್ತೆ.

14 ತಿಂಗಳಾಯಿತು, ಒಂದೂ ಮುರಿದಿಲ್ಲ. ಹೋದ ತಿಂಗಳು ಎಂಟನ್ನೂ ಬಿಚ್ಚಿ ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್ (ಅಯಸ್ಕಾಂತ ಮತ್ತು ಕಬ್ಬಿಣದ ಪುಡಿಯಿಂದ ಬಿರುಕು ಹುಡುಕೋದು) ಮಾಡಿಸಿದೆ, ಬಿರುಕು ಇಲ್ಲ. ಆದರೂ ಹೊಸದೇ ಹಾಕಿದೆ. ಯಜಮಾನರು ನನ್ನ 6,500 ಕೊಟ್ಟು, ಎರಡನೇ ಸ್ಕ್ರೀನ್‌ಗೂ ಬುಶ್ ಹೇಳಿದ್ದಾರೆ. ಆ ಫಿಟರ್‌ನೇ ಅಳತೆ ತಂದುಕೊಟ್ಟ.