ಕೊಯ್ಲಿನ ಮಧ್ಯೆ ನಿಧಾನ ಆಗೋಕೆ ಹೋಗಿ

ಜನವರಿ ಒಂದನೇ ತಾರೀಖು ನಮ್ಮ ಕಡೆ ಬರುವುದೇ ತಪ್ಪು ಹೊತ್ತಿಗೆ. ಅರೇಬಿಕಾ ಕೊಯ್ಲು ಮುಗಿದಿರುವುದಿಲ್ಲ, ರೋಬಸ್ಟಾ ಹಣ್ಣಾಗೋಕೆ ಶುರುವಾಗಿರುತ್ತದೆ, ಕಣದ ತುಂಬ ಕಾಫಿ, ಆಳು ಸಿಕ್ಕಿದರೆ ಪುಣ್ಯ. ಅದೇ ವಾರ ಬೆಂಗಳೂರಿನ ಕಾರುಗಳೆಲ್ಲ ಮಡಿಕೇರಿಗೆ ಸಾಲು ಹಿಡಿದು ಬರುತ್ತವೆ. ಹೋದ ವರ್ಷ ಹಾಗೆ ಬಂದ ನನ್ನ ಹಳೇ ಆಫೀಸಿನ ಗೆಳತಿ ನಮ್ಮ ಮನೆಗೂ ಬಂದಳು. ಜಗಲಿಯಲ್ಲಿ ಕಾಫಿ ಕುಡಿಯುತ್ತಾ, "ನಿಮ್ಮ ಲೈಫ್ ಎಷ್ಟು ಸ್ಲೋ ಕಣೇ, ಹೊಟ್ಟೆಕಿಚ್ಚಾಗತ್ತೆ" ಅಂದಳು. ನಾನು ಆಗ ಒಂದು ಕೈಯಲ್ಲಿ ಫೋನು ಹಿಡಿದು ಯಾರದೋ ಒಟಿಪಿಗೆ ಕಾಯುತ್ತಾ, ಇನ್ನೊಂದು ಕೈಯಲ್ಲಿ ಆ ದಿನದ ತೂಕದ ಚೀಟಿ ಕೂಡುತ್ತಾ, ಕಾಲಲ್ಲಿ ಬೆಕ್ಕನ್ನು ದೂಡುತ್ತಾ ಇದ್ದೆ.

ನಮ್ಮದು ಕೊಡಗಿನ ಶನಿವಾರಸಂತೆ ಹತ್ತಿರ ಮೂರು ಎಕರೆ ತೋಟ. ಅತ್ತೆ, ಗಂಡ, ಮಗ. ಜೊತೆಗೆ ಹತ್ತು ಹನ್ನೆರಡು ಅಂಗಡಿಗಳ ಲೆಕ್ಕ ಬರೆಯುವ ಕೆಲಸ ಮನೆಯಿಂದಲೇ ಮಾಡುತ್ತೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಅಂಗಡಿಯವರ ಜಿಎಸ್‌ಟಿ ತೆರಿಗೆ ಲೆಕ್ಕ ಸಲ್ಲಿಸುವ ಕೊನೇ ದಿನ. ಈ ಎರಡು ತಾರೀಖಿನ ಮೇಲೆ ಯಾವ ಧ್ಯಾನವೂ ನಡೆಯುವುದಿಲ್ಲ.

ಗೆಳತಿಯ ಮಾತು ಕೇಳಿ ನಾಚಿಕೆಯಾಯಿತೋ ಏನೋ, ಅವತ್ತೇ ರಾತ್ರಿ ಕೂತು ಹೊಸ ಡೈರಿಯಲ್ಲಿ ಪಟ್ಟಿ ಮಾಡಿದೆ. ಐದಕ್ಕೆ ಏಳುವುದು, ಯೋಗ, ಮೂರು ಪುಟ ಬರೆಯುವುದು, ಸಂಜೆ ನಡಿಗೆ, ಹೀಗೆ ಒಟ್ಟು ಹದಿನಾಲ್ಕು. ನಿಧಾನವಾಗಿ ಬದುಕೋಕೆ ಹದಿನಾಲ್ಕು ಹೊಸ ಕೆಲಸ! ನಾಲ್ಕನೇ ತಾರೀಖಿಗೆ ಆ ಡೈರಿ ಮಗನ ಚಿತ್ರದ ಪುಸ್ತಕ ಆಯಿತು.

ಈ ಸ್ಲೋ ಅನ್ನುವ ಮಾತು ಎಲ್ಲಿಂದ ಬಂತು ಅಂತಲೂ ಹುಡುಕಿದ್ದೆ. 1986ರಲ್ಲಿ ರೋಮ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಬಂದಾಗ ಎದ್ದ ವಿರೋಧದಿಂದ ಕಾರ್ಲೋ ಪೆಟ್ರಿನಿ ಅನ್ನುವವರು ಕಟ್ಟಿದ 'ಸ್ಲೋ ಫುಡ್' ಚಳವಳಿ, ಅದರ ಗುರುತು ಬಸವನಹುಳು. ಓದಿ ನಗು ಬಂತು. ನಮ್ಮ ಕಡೆ ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳು ಹೆಕ್ಕಿ ಹೆಕ್ಕಿ ಸೊಂಟ ಬಿದ್ದುಹೋಗುತ್ತದೆ. ನಿಧಾನಕ್ಕೇ ಬರುತ್ತದೆ, ಬೆಳಗಾಗುವಷ್ಟರಲ್ಲಿ ಗಿಡ ಬೋಳಿಸಿರುತ್ತದೆ. ನಿಧಾನ ಅಂದ್ರೆ ಕೆಲಸ ಕಡಿಮೆ ಅಂತ ಯಾರು ಹೇಳಿದ್ದೋ.

ನಿಜವಾಗಿ ಶುರುವಾಗಿದ್ದು ಕಣದಲ್ಲಿ. ಅದಕ್ಕೂ ಹಿಂದಿನ ವರ್ಷ ಒಂದು ಎಡವಟ್ಟು ಮಾಡಿಕೊಂಡಿದ್ದೆ. ಚೆರಿ, ಅಂದ್ರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಒಣಗೋಕೆ ಒಳ್ಳೆ ಬಿಸಿಲಿದ್ದರೂ ಹನ್ನೆರಡರಿಂದ ಹದಿನೈದು ದಿನ ಬೇಕು. ನಾನು 20ನೇ ತಾರೀಖನ್ನು ತಲೆಯಲ್ಲಿಟ್ಟುಕೊಂಡು ಹತ್ತನೇ ದಿನಕ್ಕೇ ಆಯ್ತು ಆಯ್ತು ಅಂತ ಚೀಲಕ್ಕೆ ತುಂಬಿಸಿಬಿಟ್ಟೆ. ವ್ಯಾಪಾರಿ ಮೀಟರಿಗೆ ಹಾಕಿ ನೋಡಿದರೆ ತೇವಾಂಶ ಶೇಕಡಾ 15ರ ಮೇಲಿದೆ, ಇರಬೇಕಾದದ್ದು 12ರ ಆಸುಪಾಸು. ಆರು ಚೀಲ ಅದೇ ಜೀಪಲ್ಲಿ ವಾಪಸ್ ಬಂದವು. ಬಾಡಿಗೆ ಎರಡು ಸಲವೂ ನಂದೇ.

ಅತ್ತೆ ಚೀಲ ಬಿಚ್ಚಿ ಒಂದು ಹಿಡಿ ಚೆರಿ ತೆಗೆದು ನನ್ನ ಕಿವಿ ಹತ್ತಿರ ಅಲ್ಲಾಡಿಸಿದರು.

"ಏನು ಕೇಳ್ತು?"

"ಏನೂ ಇಲ್ಲ ಅತ್ತೆ."

"ಹೂಂ. ಗಲಗಲ ಅನ್ನಬೇಕು. ಯಾವಾಗಲೂ ಕಿವಿಗೆ ಆ ವೈರು ಸಿಕ್ಕಿಸ್ಕೊಂಡಿದ್ರೆ ಎಲ್ಲಿ ಕೇಳ್ತದೆ?"

ಡೈರಿ ಹೋದ ಮೇಲೆ ಈ ಮಾತು ನೆನಪಾಯಿತು. ಹದಿನಾಲ್ಕರ ಬದಲು ಒಂದೇ ಒಂದು ಇಟ್ಟುಕೊಂಡೆ: ಕಣಕ್ಕೆ ಇಳಿಯುವಾಗ ಫೋನು ಒಳಗೆ. ಅಷ್ಟೇ.

ಮೊದಲ ವಾರ ಕೈ ಸುಮ್ಮನೆ ಜೇಬಿಗೆ ಹೋಗುತ್ತಿತ್ತು. ಕಾಫಿಯನ್ನು ಮೂರು ಇಂಚಿಗಿಂತ ದಪ್ಪ ಹರಡಬಾರದು, ಗಂಟೆಗೊಮ್ಮೆ ತಿರುವಬೇಕು. ಬರಿಗಾಲಲ್ಲಿ ಪಾದ ಎಳೆಯುತ್ತಾ ನಡೆದರೆ ಎರಡೂ ಪಕ್ಕಕ್ಕೆ ಬಿದ್ದು ಸಾಲಾಗುತ್ತದೆ, ವಾಪಸ್ ಬರುವಾಗ ಆ ಸಾಲನ್ನು ಒಡೆಯುತ್ತಾ ಬರಬೇಕು. ಮೊದಮೊದಲು ಹಣ್ಣು ಅಂಟಂಟು, ಹಿಮ್ಮಡಿಗೆಲ್ಲ ಹುಳಿಸಿಹಿ ವಾಸನೆ ಮೆತ್ತಿಕೊಳ್ಳುತ್ತದೆ. ಆಮೇಲೆ ಕೆಂಪು ಹೋಗಿ ಕಪ್ಪಾಗಿ ಸಿಪ್ಪೆ ಸುಕ್ಕುಗಟ್ಟುತ್ತದೆ. ಸದ್ದು ಬದಲಾಗುವುದು ಕೊನೆಗೆ. ಒಂದು ದಿನ ಕಾಲು ಎಳೆದಾಗ ಕಲ್ಲಿನ ಮೇಲೆ ಮಣಿ ಚೆಲ್ಲಿದ ಹಾಗೆ ಕೇಳಿಸಿತು. ಬಗ್ಗಿ ಒಂದು ಹಿಡಿ ತೆಗೆದು ಅಲ್ಲಾಡಿಸಿದೆ, ಒಳಗೆ ಬೀಜ ಆಡುತ್ತಿತ್ತು. ಅತ್ತೆಯನ್ನು ಕರೆಯಲಿಲ್ಲ. ಆದರೂ ಅವರು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದರು ಅನ್ನಿ.

ಇದರಿಂದ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಲಾಭವಾಯಿತು. ಗಂಟೆಗೊಮ್ಮೆ ಏಳಲೇಬೇಕಲ್ವಾ, ಹಾಗಾಗಿ ಲೆಕ್ಕದ ಕೆಲಸವೂ ಗಂಟೆಗಂಟೆಯ ತುಂಡಾಯಿತು. ಒಂದು ಗಂಟೆಗೆ ಒಂದು ಅಂಗಡಿ. ಮುಂಚೆ ಐದು ಫೈಲು ತೆರೆದಿಟ್ಟು ಯಾವುದೂ ಮುಗಿಯದೆ ರಾತ್ರಿ ಹನ್ನೊಂದಾಗುತ್ತಿತ್ತು. ಈಗ ಒಂದು ಮುಗಿಸಿ ಎದ್ದು ಕಾಲೆಳೆದು ಬಂದು ಇನ್ನೊಂದು ತೆರೆಯುತ್ತೇನೆ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೂ ಇದನ್ನು ಬಿಡಲಿಲ್ಲ. ಗಂಟೆಗೊಮ್ಮೆ ಎದ್ದು ಖಾಲಿ ಕಣ ಸುತ್ತಿ ಬರುವ ಹೆಂಗಸನ್ನು ನೋಡಿ ಪಕ್ಕದ ತೋಟದ ಆಳುಗಳ ಲೆಕ್ಕ ನೋಡುವ ರೈಟರು ಏನಂದುಕೊಂಡರೋ ಗೊತ್ತಿಲ್ಲ.

ಎರಡನೆಯದು ಸಂತೆ. ನಮ್ಮ ಊರಿನ ಹೆಸರಲ್ಲೇ ಇದೆ, ವಾರಕ್ಕೊಂದು ದಿನ. ಆಚೆ ಸೋಮವಾರಪೇಟೆಯದೂ ಅದೇ ಕಥೆ. ಹಿಂದಿನವರು ಬೇಕು ಅನಿಸಿದ್ದಕ್ಕೆಲ್ಲ ಆ ದಿನದವರೆಗೆ ಕಾಯುತ್ತಿದ್ದರು, ನಾವು ಮಾತ್ರ ರಾತ್ರಿ ಹತ್ತಕ್ಕೆ ಬೆರಳು ಒತ್ತಿ ತರಿಸುತ್ತೇವೆ. ಹಾಗಾಗಿ ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಒಂದು ಪಟ್ಟಿ ಶುರು ಮಾಡಿದೆ. ಏನೇ ಬೇಕಾದರೂ ಅಲ್ಲಿ ಬರೆಯುವುದು, ಶನಿವಾರ ಬೆಳಿಗ್ಗೆ ಓದುವುದು, ಆಗಲೂ ಬೇಕು ಅನಿಸಿದರೆ ಮಾತ್ರ ತರುವುದು. ಮೊದಲ ತಿಂಗಳು ಇಪ್ಪತ್ತಮೂರು ಬರೆದಿದ್ದೆವು, ತಂದಿದ್ದು ಒಂಬತ್ತು. ರೊಟ್ಟಿ ಮಾಡುವ ಮಿಷನ್ ಮೂರು ವಾರ ಪಟ್ಟಿಯಲ್ಲಿದ್ದು ತಾನಾಗಿಯೇ ಹೋಯಿತು. ಬರೆದವರು ನನ್ನ ಗಂಡ, ಹೊಡೆದು ಹಾಕಿದವರೂ ಅವರೇ.

ಜನವರಿ ಸಂತೆಯಿಂದ ತಪ್ಪದೆ ಬರುವುದು ಅವರೆಕಾಯಿ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅನ್ನುತ್ತಾರೆ. ಬಿಡಿಸಿ, ಕಾಳು ನೆನೆಸಿ, ಒಂದೊಂದನ್ನೇ ಹಿತುಕಬೇಕು. ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ ಅಂತ ಹಾರುತ್ತದೆ, ಮಗನಿಗೆ ಅದನ್ನು ಬೆಕ್ಕಿಗೆ ಗುರಿ ಇಡುವುದೇ ಆಟ. ಬೆರಳು ಒದ್ದೆ ಇರುವಾಗ ಯಾರೂ ಫೋನು ಮುಟ್ಟುವುದಿಲ್ಲ, ನೋಡಿ. ಆ ಒಂದು ಗಂಟೆಯಲ್ಲಿ ಅತ್ತೆ ಹೇಳಿದ ಮದುವೆ ಜಗಳಗಳ ಕಥೆ ಇನ್ನೆಲ್ಲೂ ಸಿಗುವುದಿಲ್ಲ, ಇಲ್ಲಿ ಬರೆಯುವ ಹಾಗೂ ಇಲ್ಲ.

ಕೈ ಕೊಟ್ಟಿದ್ದೂ ಇದೆ. ಸಂಜೆ ಏಳರ ಮೇಲೆ ವೈಫೈ ಆಫ್, ಫೋನು ಸೈಲೆಂಟು ಅಂತ ಮಾಡಿದ್ದೆ. ಬಟವಾಡೆ ದಿನ ಅದು ಆಗದ ಮಾತು, ಅರ್ಧ ಜನರಿಗೆ ದುಡ್ಡು ಫೋನಲ್ಲೇ ಹಾಕಬೇಕು. ಇನ್ನೊಂದು ರಾತ್ರಿ ಪಕ್ಕದವರು ಎರಡು ಸಲ ಫೋನು ಮಾಡಿದ್ದರಂತೆ, ಆ ಕಡೆ ಮಳೆ ಶುರುವಾಗಿದೆ, ಕಣ ನೋಡ್ಕೊಳ್ಳಿ ಅಂತ. ನನಗೆ ಗೊತ್ತಾಗಿದ್ದು ಹೆಂಚಿನ ಮೇಲೆ ಹನಿ ಬಿದ್ದಾಗ. ರಾಶಿಗೆ ಟಾರ್ಪಾಲ್ ಮುಚ್ಚಿದ್ದೆವು, ಆದರೆ ಒಂದು ಅಂಚಿಗೆ ಕಲ್ಲು ಇಟ್ಟಿರಲಿಲ್ಲ, ಗಾಳಿಗೆ ಎದ್ದು ಆ ಕಡೆಯದು ಪೂರ್ತಿ ನೆನೆಯಿತು. ಅವತ್ತಿನಿಂದ ಫೋನು ಜಗಲಿಯಲ್ಲಿ, ಜೋರು ರಿಂಗಿನಲ್ಲಿ, ಕರೆಗೆ ಮಾತ್ರ. ನಿಧಾನದ ಹುಚ್ಚಿಗೆ ಕಾಫಿ ನೆನೆಸೋಕಾಗುತ್ತದಾ?

ಈಗ ಮತ್ತೆ ಡಿಸೆಂಬರ್ ಕೊನೆ. ಹೊಸದಾಗಿ ಶುರು ಮಾಡುವವರು ಕೇಳಿದರೆ, ನಮ್ಮ ಕಡೆಯವರು ಜನವರಿಗೆ ಹಟ ಹಿಡಿಯಬೇಡಿ ಅಂತಲೇ ಹೇಳುತ್ತೇನೆ. ಕೊಯ್ಲು ಮುಗಿದ ಮೇಲೆ ಯುಗಾದಿ ಇದೆ, ಅದೂ ತಪ್ಪಿದರೆ ಏಪ್ರಿಲ್ ಮಧ್ಯದಲ್ಲಿ ಕೊಡವರ ಎಡಮ್ಯಾರ್ ಇದೆ, ಅವರಿಗೆ ಅವತ್ತು ಹೊಸ ವರ್ಷ, ಗದ್ದೆಗೆ ಮೊದಲ ಉಳುಮೆ. ಮೂರರಲ್ಲಿ ಒಂದಾದರೂ ಕೈಗೆ ಹತ್ತುತ್ತದೆ.

ಇವತ್ತು ಗುರುವಾರ. ಕ್ಯಾಲೆಂಡರಿನ ಹಿಂದೆ ಮೂರು ಸಾಮಾನು ಇವೆ: ಟಾರ್ಪಾಲಿಗೆ ಹಗ್ಗ, ಅವರೆಕಾಯಿ ಎರಡು ಕೆಜಿ, ಹೊಸ ಡೈರಿ. ಕೊನೆಯದನ್ನು ಅತ್ತೆ ಮಗನ ಪೆನ್ಸಿಲಿನಲ್ಲಿ ಆಗಲೇ ಹೊಡೆದು ಹಾಕಿದ್ದಾರೆ.