ಆಫೀಸಿಲ್ಲದ ಆಫೀಸಿನ ಕ್ರಿಸ್ಮಸ್: ಮೊದಲು ಡಬ್ಬ, ಆಮೇಲೆ ವಿಡಿಯೊ ಕಾಲ್

ನಮ್ಮದು ಲೆಕ್ಕಪತ್ರ ಬರೆಯುವ ಸಣ್ಣ ಸಂಸ್ಥೆ. ನಾನೂ ಸೇರಿ ಒಂಬತ್ತು ಜನ. ಬೆಂಗಳೂರಲ್ಲಿ ಮೂವರು, ಮಂಗಳೂರಲ್ಲಿ ಇಬ್ಬರು, ಹುಬ್ಬಳ್ಳಿ, ಶಿವಮೊಗ್ಗ, ಕೋಟ್ಟಯಂನಲ್ಲಿ ಒಬ್ಬೊಬ್ಬರು. ಇನ್ನೊಬ್ಬಾಕೆ ಮದುವೆಯಾಗಿ ದುಬೈಗೆ ಹೋದವಳು, ಕೆಲಸ ಬಿಡಲಿಲ್ಲ, ಅಲ್ಲಿಂದಲೇ ಮಾಡುತ್ತಾಳೆ. 2020ರಲ್ಲಿ ಬಾಡಿಗೆ ಜಾಗ ಬಿಟ್ಟೆವು, ಮತ್ತೆ ಹಿಡಿಯಲೇ ಇಲ್ಲ.

ಆ ವರ್ಷದ ಕ್ರಿಸ್ಮಸ್ ನೆನೆದರೆ ಈಗಲೂ ಮುಜುಗರ. ಎಲ್ಲರೂ ಕೆಂಪು ಟೋಪಿ ಹಾಕಿಕೊಂಡು ಸಂಜೆ ಜೂಮ್‌ಗೆ ಬನ್ನಿ ಎಂದಿದ್ದೆ. ಬಂದರು. ಮಂಗಳೂರಿನವರಿಬ್ಬರನ್ನು 'ನಿಮ್ಮ ಹಬ್ಬದ ಬಗ್ಗೆ ಹೇಳಿ' ಎಂದು ಕೂರಿಸಿದೆ. ಅವರು ಶಾಲೆಯ ಭಾಷಣ ಸ್ಪರ್ಧೆಯವರ ಹಾಗೆ ಹೇಳಿದರು. ಉಳಿದವರ ಕ್ಯಾಮೆರಾಗಳು ಒಂದೊಂದಾಗಿ ಆರಿದವು. ಹಾಡು ಶುರುವಾಗುವಷ್ಟರಲ್ಲಿ ನಲವತ್ತು ನಿಮಿಷ ಮುಗಿದು ಕರೆಯೇ ಕಡಿದುಹೋಯಿತು. ಯಾರೂ ಮತ್ತೆ ಸೇರಿಕೊಳ್ಳಲಿಲ್ಲ, ನಾನೂ ಕರೆಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಬಿದ್ದು ಎದ್ದು ಕಲಿತದ್ದು ಇಷ್ಟೇ: ಹಬ್ಬ ಇರಬೇಕಾದ್ದು ಪಾರ್ಸೆಲ್ಲಿನಲ್ಲಿ. ಕಾಲ್ ಅದರ ಬಾಲ. ಐದು ಜನರ ತಂಡವಿರಲಿ, ಹದಿನೈದು ಜನರದ್ದಿರಲಿ, ಕೆಳಗಿನ ಕ್ರಮ ಹಿಡಿದರೆ ಸಾಕು.

ದಿನ ಗೊತ್ತುಮಾಡುವುದು

ಡಿಸೆಂಬರ್ 24 ಬೇಡವೇ ಬೇಡ. ಹಬ್ಬ ಆಚರಿಸುವವರಿಗೆ ಅಂದು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮುಗಿಸುವುದು, ಅಡುಗೆ, ರಾತ್ರಿಯ ಪೂಜೆ, ಎಲ್ಲ ಇರುತ್ತದೆ. ಅವರ ಹಬ್ಬದ ಹೆಸರಲ್ಲಿ ಅವರನ್ನೇ ಲ್ಯಾಪ್‌ಟಾಪ್ ಮುಂದೆ ಕೂರಿಸುವುದು ಯಾವ ನ್ಯಾಯ? 25 ರಜೆ, ಅಂದೂ ಬೇಡ. ನಮ್ಮಂಥವರಿಗೆ 15ಕ್ಕೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟುವ ಗಡುವು, 20ಕ್ಕೆ ಜಿಎಸ್‌ಟಿ 3ಬಿ ರಿಟರ್ನ್ ಸಲ್ಲಿಸುವ ಗಡುವು. ಹಾಗಾಗಿ 21, 22, 23ರಲ್ಲಿ ಒಂದು ದಿನ. ನಿಮ್ಮ ವ್ಯಾಪಾರಕ್ಕೂ ಇಂಥ ತಲೆನೋವಿನ ತಾರೀಕುಗಳು ಇದ್ದೇ ಇರುತ್ತವೆ, ಮೊದಲು ಅವನ್ನು ಹೊಡೆದುಹಾಕಿ. ಪಂಚಾಂಗವನ್ನೂ ಒಮ್ಮೆ ನೋಡಿ. ವೈಕುಂಠ ಏಕಾದಶಿ ಕೆಲವು ವರ್ಷ ಡಿಸೆಂಬರಿನ ಕೊನೆಗೇ ಬರುತ್ತದೆ, ಅಂದು ಉಪವಾಸ ಇರುವವರ ಎದುರಿಗೆ ಕೇಕ್ ಕತ್ತರಿಸಿದರೆ ಚೆನ್ನಾಗಿರುವುದಿಲ್ಲ.

ಹೊತ್ತು ಕೆಲಸದ ಅವಧಿಯಲ್ಲೇ ಇರಲಿ, ಸಂಜೆ ನಾಲ್ಕೂವರೆ ಒಳ್ಳೆಯದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ ಮೂರು ಗಂಟೆ. ಲಂಡನ್ನಿನಲ್ಲಿ ಯಾರಾದರೂ ಇದ್ದರೆ ಅವರಿಗೆ ಬೆಳಗ್ಗೆ ಹನ್ನೊಂದು. ಟೊರಾಂಟೊದವರು ಇದ್ದರೆ ಮಾತ್ರ ಏಳು ಗಂಟೆಗೆ ತಳ್ಳಿ, ಅವರಿಗೆ ಬೆಳಗ್ಗೆ ಎಂಟೂವರೆ ಆಗಿರುತ್ತದೆ. ಕೆಲಸ ಮುಗಿದ ಮೇಲೆ 'ಖುಷಿಯಾಗಿರೋಣ ಬನ್ನಿ' ಎಂದು ಕರೆದರೆ ಅದು ಓವರ್‌ಟೈಮ್.

ಯಾರು ಏನು ತಿನ್ನುತ್ತಾರೆ, ಕೇಳಿಬಿಡಿ

ನವೆಂಬರ್ ಕೊನೆಗೆ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಒಂದು ವಾಟ್ಸ್ಆ್ಯಪ್ ಮೆಸೇಜ್ ಹಾಕಿ. ಗುಂಪಿನಲ್ಲಿ ಕೇಳಬೇಡಿ, ಸಂಕೋಚಕ್ಕೆ 'ಏನಾದ್ರೂ ನಡೆಯುತ್ತೆ' ಅನ್ನುತ್ತಾರೆ. ಕೇಳಬೇಕಾದ್ದು ಮೂರೇ: ಮೊಟ್ಟೆ ನಡೆಯುತ್ತದೆಯೆ? ರಮ್‌ನಲ್ಲಿ ನೆನೆಸಿದ ಹಣ್ಣು ನಡೆಯುತ್ತದೆಯೆ? ಪಿನ್‌ಕೋಡ್ ಸಮೇತ ಈಗಿನ ವಿಳಾಸ ಏನು?

ಪ್ಲಮ್ ಕೇಕಿನ ಒಣಹಣ್ಣನ್ನು ರಮ್ಮಿನಲ್ಲಿ ನೆನೆಸುವುದು ರೂಢಿ. ಬದಲಿಗೆ ಕಿತ್ತಳೆ ರಸದಲ್ಲಿ ನೆನೆಸಿ ಮಾಡಿದ್ದೂ ಸಿಗುತ್ತದೆ, ಬೇಕರಿಯಲ್ಲಿ ಬಾಯಿಬಿಟ್ಟು ಕೇಳಬೇಕು. ಮೊಟ್ಟೆ ಹಾಕಿದ ಕೇಕಿನ ಪೊಟ್ಟಣದ ಮೇಲೆ ಮಾಂಸಾಹಾರದ ಕಂದು ಗುರುತು ಇರುತ್ತದೆ, ಹಾಕದ್ದಕ್ಕೆ ಹಸಿರು. ತಂಡದಲ್ಲಿ ಒಬ್ಬರೇ ಮೊಟ್ಟೆ ತಿನ್ನದವರಿದ್ದರೂ ಎಲ್ಲರಿಗೂ ಹಸಿರು ಗುರುತಿನದೇ ಕೊಡಿ ಎಂಬುದು ನನ್ನ ವಾದ. ಒಬ್ಬರಿಗೆ ಬೇರೆ ಪೊಟ್ಟಣ ಹೋದರೆ ಕರೆಯಲ್ಲಿ ಅವರು ಬೇರೆ ಪಂಕ್ತಿಯಲ್ಲಿ ಕೂತ ಹಾಗೆ.

ಹಬ್ಬ ಆಚರಿಸುವವರನ್ನೂ ಕೇಳಿ, ಅವರು ಎಲ್ಲವನ್ನೂ ತಿನ್ನುತ್ತಾರೆ ಎಂದುಕೊಳ್ಳಬೇಡಿ. ನಮ್ಮ ಕೋಟ್ಟಯಂನವರು ಸಿರಿಯನ್ ಕ್ರೈಸ್ತರು. ಅವರ ಮನೆಯಲ್ಲಿ ಡಿಸೆಂಬರ್ 1ರಿಂದ ಇಪ್ಪತ್ತೈದು ದಿನದ ನೋಂಬು, ಮೀನು ಮಾಂಸ ಮುಟ್ಟುವುದಿಲ್ಲ. ಒಂದು ವರ್ಷ ಎಲ್ಲರಿಗೂ ಬಿರಿಯಾನಿ ಆರ್ಡರ್ ಮಾಡಿ ಬೀಗುತ್ತಿದ್ದೆ. ತಂಡದಲ್ಲಿ ಹಬ್ಬಕ್ಕಾಗಿ ನೋಂಬು ಹಿಡಿದಿದ್ದ ಒಬ್ಬರೇ ಒಬ್ಬರು ಅದನ್ನು ಪಕ್ಕದ ಮನೆಗೆ ಕೊಟ್ಟು ಮೊಸರನ್ನ ಉಂಡರು. ಅದನ್ನು ಅವರು ಹೇಳಿದ್ದು ಮರುವರ್ಷ.

ಡಬ್ಬದಲ್ಲಿ ಏನಿಡಬೇಕು

ಕ್ರೀಮ್ ಕೇಕ್ ದೂರದ ಊರಿಗೆ ಕಳಿಸಬೇಡಿ. ಶಿವಮೊಗ್ಗಕ್ಕೆ ಕಳಿಸಿದ ಒಂದು ಕೇಕ್ ತಲುಪಿದಾಗ ಕ್ರೀಮೆಲ್ಲ ಮುಚ್ಚಳಕ್ಕೆ ಅಂಟಿತ್ತು, ಬರೆಸಿದ್ದ ಹೆಸರು ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಪ್ಲಮ್ ಕೇಕಿಗೆ ಆ ಭಯವಿಲ್ಲ. ಒಣಹಣ್ಣು, ಸಕ್ಕರೆ ತುಂಬಿದ ಗಟ್ಟಿ ಕೇಕು, ನಾಲ್ಕೈದು ದಿನದ ಪ್ರಯಾಣಕ್ಕೆ ಜಗ್ಗುವುದಿಲ್ಲ.

ಜತೆಗೆ ಕುಸ್ವಾರ್. ಕರಾವಳಿಯವರಿಗೆ ಹೇಳಬೇಕಿಲ್ಲ. ಉಳಿದವರಿಗೆ: ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ನತಾಲ್ (ಕ್ರಿಸ್ಮಸ್) ಹಬ್ಬಕ್ಕೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಒಂದೇ ಹೆಸರು ಅದು. ನೆವ್ರಿ ಎಂದರೆ ನಮ್ಮ ಕರ್ಜಿಕಾಯಿಯ ಅಣ್ಣತಮ್ಮ. ಅಕ್ಕಿಹಿಟ್ಟಿನ ಗಟ್ಟಿ ಗುಂಡು ಗುಳಿಯೊ. ರೋಸ್ ಕುಕ್ಕೀಸ್, ಚಕ್ಕುಲಿ, ತುಕ್ಡಿ, ಲಾಡು, ಕಿಡಿಯೊ. ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಬಟ್ಟೆ ಮುಚ್ಚಿ, ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೂ ಕೊಟ್ಟುಬರುವುದು ಪದ್ಧತಿ. ದೂರದ ತಂಡಕ್ಕೆ ಹಬ್ಬ ತಲುಪಿಸಲು ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ಮಂಗಳೂರಿನ ಬೇಕರಿಗಳಲ್ಲಿ ಡಿಸೆಂಬರ್ ಪೂರ್ತಿ ಪೊಟ್ಟಣ ಕಟ್ಟಿಯೇ ಮಾರುತ್ತಾರೆ. ನಾವು ತಲೆಗೆ 700 ರೂಪಾಯಿ ಇಟ್ಟುಕೊಳ್ಳುತ್ತೇವೆ, ಅರ್ಧ ಕೆ.ಜಿ. ಕೇಕು, ಕಾಲು ಕೆ.ಜಿ. ಕುಸ್ವಾರ್, ಅಂಚೆ ಖರ್ಚು ಅದರಲ್ಲೇ. ದುಬೈಗೆ ಮಾತ್ರ ತಿಂಡಿ ಕಳಿಸುವ ಗೋಜಿಗೆ ಹೋಗದೆ ಅಲ್ಲೇ ಆರ್ಡರ್ ಮಾಡುತ್ತೇವೆ.

ಪುಡಿಯಾಗುವುದು ರೋಸ್ ಕುಕ್ಕೀಸ್ ಒಂದೇ. ಬಬಲ್ ರ‍್ಯಾಪ್ ಸುತ್ತಿದರೂ ನಿಲ್ಲಲಿಲ್ಲ. ಕೊನೆಗೆ ಮಂಡಕ್ಕಿಯನ್ನು ಸಣ್ಣ ಸಣ್ಣ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ, ದಿಂಬಿನ ಹಾಗೆ ಸುತ್ತಲೂ ತುರುಕಿದೆವು. ಒಂದೂ ಮುರಿಯಲಿಲ್ಲ. ಹುಬ್ಬಳ್ಳಿಯವರು ಆ ಮಂಡಕ್ಕಿ ಬಿಚ್ಚಿ ಗಿರ್ಮಿಟ್ ಮಾಡಿ ಫೋಟೊ ಕಳಿಸಿದರು.

ಡಿಸೆಂಬರ್ 12ರ ಒಳಗೆ ಸ್ಪೀಡ್ ಪೋಸ್ಟ್ ಆಗಿಬಿಡಲಿ, ತಿಂಗಳ ಕೊನೆ ಹತ್ತಿರವಾದಷ್ಟೂ ಪಾರ್ಸೆಲ್ಲುಗಳ ರಾಶಿ ಬೆಳೆಯುತ್ತದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 'ಕರೆಯ ದಿನವೇ ಬಿಚ್ಚಿ' ಎಂದು ಬರೆಯಿರಿ. ಕೇಳುವವರು ಕಡಿಮೆ, ಆದರೂ ಬರೆಯಿರಿ.

ಚೀಟಿ ಎತ್ತುವುದು

ಕ್ರಿಸ್‌ಮಾ–ಕ್ರಿಸ್‌ಚೈಲ್ಡ್ ಆಟ ಹಾಸ್ಟೆಲ್ಲಿನಲ್ಲಿ ಇದ್ದವರಿಗೆಲ್ಲ ಗೊತ್ತು. ಚೀಟಿಯಲ್ಲಿ ಬಂದ ಹೆಸರಿನವರಿಗೆ ಗುಟ್ಟಾಗಿ ಉಡುಗೊರೆ ಕೊಡುವುದು. ದೂರದಿಂದ ಚೀಟಿ ಎತ್ತಲು ಡ್ರಾನೇಮ್ಸ್‌ನಂಥ ಜಾಲತಾಣಗಳಿವೆ, ಎಲ್ಲರ ಹೆಸರು ಹಾಕಿದರೆ ಅದೇ ಹಂಚಿ ಒಬ್ಬೊಬ್ಬರಿಗೂ ತಿಳಿಸುತ್ತದೆ. ಮಿತಿ 200 ರೂಪಾಯಿ ಇಡಿ. ಸಂಬಳದ ಅಂತರ ಉಡುಗೊರೆಯಲ್ಲಿ ಕಾಣಬಾರದು. ಸೇರಲೇಬೇಕೆಂಬ ಒತ್ತಾಯವೂ ಬೇಡ.

ಕರೆಯ ದಿನ

ಜೂಮ್ ಬಿಟ್ಟಿ ಖಾತೆಯಲ್ಲಿ 40 ನಿಮಿಷ, ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಅದಕ್ಕಿಂತ ಹೆಚ್ಚಿದ್ದರೆ 60 ನಿಮಿಷ. ನಿಮ್ಮ ಕಾರ್ಯಕ್ರಮ 35 ನಿಮಿಷಕ್ಕೆ ಹೊಂದಲಿ. ಅದಕ್ಕಿಂತ ಉದ್ದದ್ದು ಯಾರಿಗೂ ಬೇಕಿಲ್ಲ. ನಾನು ಯಜಮಾನ ಎಂದು ಐದು ನಿಮಿಷ ವರ್ಷದ ಸಾಧನೆ ಹೇಳುವುದನ್ನೂ ನಿಲ್ಲಿಸಿದ್ದೇನೆ.

ಎಲ್ಲರೂ ಒಟ್ಟಿಗೆ ಡಬ್ಬ ಬಿಚ್ಚುವುದರಿಂದ ಶುರು. ಆಮೇಲೆ ಮಾತಾಡಿಸುವ ಆಟಗಳಿಗಿಂತ ಕೈಗೊಂದು ಕೆಲಸ ಕೊಡುವುದು ಮೇಲು. ನಮ್ಮಲ್ಲಿ ಗೆದ್ದದ್ದು ಕಿಡಿಯೊ.

ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳುಗಳು, ಆಕಾರ ನೋಡಿ ಇಟ್ಟ ಹೆಸರು. ಹಿಂದಿನ ದಿನವೇ ಸಾಮಾನಿನ ಪಟ್ಟಿ ಕಳಿಸಿ: ಒಂದು ಲೋಟ ಮೈದಾ, ಎರಡು ಚಮಚ ಪುಡಿಸಕ್ಕರೆ, ಚಿಟಿಕೆ ಉಪ್ಪು, ಒಂದು ಚಮಚ ಬಿಸಿ ತುಪ್ಪ, ಕಲಸಲು ಬೇಕಾದಷ್ಟು ಗಟ್ಟಿ ತೆಂಗಿನಹಾಲು. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಒದ್ದೆಬಟ್ಟೆ ಮುಚ್ಚಿಟ್ಟು ಕರೆಗೆ ಬರಲಿ. ಮೊಟ್ಟೆ ಬೇಕಿಲ್ಲ. ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡ ಉಂಡೆ ತೆಗೆದುಕೊಂಡು, ಫೋರ್ಕಿನ ಬೆನ್ನಿಗೆ ಎಣ್ಣೆ ಸವರಿ, ಉಂಡೆಯನ್ನು ಅದರ ಮೇಲೆ ಹೆಬ್ಬೆರಳಲ್ಲಿ ಒತ್ತಿ ತೆಳ್ಳಗೆ ಹರಡಬೇಕು. ಆಮೇಲೆ ಒಂದು ತುದಿಯಿಂದ ಎಬ್ಬಿಸುತ್ತ ಸುರುಳಿ ಸುತ್ತಿದರೆ ಮೈಮೇಲೆ ಗೀರು ಬಿದ್ದ ಪುಟ್ಟ ಶಂಖದಂಥದು ಉದುರುತ್ತದೆ. ಫೋರ್ಕ್ ಇಲ್ಲದಿದ್ದರೆ ಹೊಸ ಬಾಚಣಿಗೆ ಆಗುತ್ತದೆ. ಹೊಸದು ಎಂಬುದನ್ನು ಮೆಸೇಜಿನಲ್ಲಿ ಎರಡು ಸಲ ಬರೆಯಿರಿ.

ಮೊದಲ ಹತ್ತು ಹಾಳಾಗುತ್ತವೆ. ಅಲ್ಲಿಂದ ಮಾತು ಶುರುವಾಗುತ್ತದೆ. ಯಾರೂ 'ನಿಮ್ಮ ಅನಿಸಿಕೆ ಹೇಳಿ' ಎನ್ನಬೇಕಿಲ್ಲ. ಮಂಗಳೂರಿನವರು ಈಗ ಭಾಷಣ ಮಾಡುವುದಿಲ್ಲ, 'ಅಯ್ಯೋ, ಅದು ಕಿಡಿಯೊ ಅಲ್ಲ ಸರ್, ಕಂಬಳಿಹುಳ' ಎಂದು ಬೈಯುತ್ತಾರೆ. ಕೋಟ್ಟಯಂನವರು ಕೇಕು ನಮ್ಮ ಕಡೆಯದು ಎಂದು ಕಾಲು ಕೆರೆಯುತ್ತಾರೆ. 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು ಎಂಬ ಬೇಕರಿಯವರು ಮರ್ಡಕ್ ಬ್ರೌನ್ ಎಂಬ ತೋಟದ ದೊರೆಗೆ ಕ್ರಿಸ್ಮಸ್ ಕೇಕ್ ಮಾಡಿಕೊಟ್ಟದ್ದು, ಭಾರತದ ಮೊದಲ ಕ್ರಿಸ್ಮಸ್ ಕೇಕ್ ಅದೇ ಎಂಬುದು ಕೇರಳದವರ ಹೆಮ್ಮೆ. ಈ ಕಥೆಯನ್ನು ನಾವು ಪ್ರತಿವರ್ಷ ಕೇಳುತ್ತೇವೆ.

ಎಣ್ಣೆ ಕಾಯಿಸುವ ಕೆಲಸ ಕರೆ ಮುಗಿದ ಮೇಲೆ. ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಬಾಣಲೆಯ ಮೇಲೆ ಇಟ್ಟು ಕರಿಯುವುದು ಸರಿಯಲ್ಲ. ನಡು ಉರಿಯಲ್ಲಿ ಹೊಂಬಣ್ಣಕ್ಕೆ ಕರಿದು ಗುಂಪಿಗೆ ಫೋಟೊ ಹಾಕಿದರೆ ಆಯಿತು.

ಹಾಡು ಬೇಕೆಂದರೆ ಒಬ್ಬರೇ ಹಾಡಲಿ, ಉಳಿದವರು ಮ್ಯೂಟ್ ಮಾಡಿಕೊಂಡು ದನಿಗೂಡಿಸಲಿ. ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ತಲುಪುವುದರಿಂದ ಸಮೂಹಗಾನ ಸಂತೆಯಾಗುತ್ತದೆ. ಗಿಟಾರು, ಗಂಟೆಯ ಸದ್ದನ್ನು ಜೂಮ್ ಗದ್ದಲವೆಂದುಕೊಂಡು ನುಂಗಿಬಿಡುತ್ತದೆ. ಹಾಡುವವರು ಆಡಿಯೊ ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿಕೊಂಡರೆ ಕೇಳುತ್ತದೆ.

ಲೆಕ್ಕ ಬರೆಯುವಾಗ

ನಮ್ಮ ವೃತ್ತಿಯೇ ಇದಾದ್ದರಿಂದ ಹೇಳದೆ ಬಿಡಲಾರೆ. ನಗದು ಕೊಟ್ಟರೆ ಅದು ಸಂಬಳದಂತೆಯೇ, ತೆರಿಗೆ ಬೀಳುತ್ತದೆ. ವಸ್ತುವಾಗಿ ಕೊಡಿ. ಒಬ್ಬ ಉದ್ಯೋಗಿಗೆ ಒಂದು ಆರ್ಥಿಕ ವರ್ಷದಲ್ಲಿ 50,000 ರೂಪಾಯಿವರೆಗಿನ ಉಡುಗೊರೆಗೆ ಜಿಎಸ್‌ಟಿ ಇಲ್ಲ. ಆದರೆ ಉಡುಗೊರೆಯಾಗಿ ಹಂಚಿದ ಕೇಕಿನ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ, ಅಂದರೆ ಆ ಖರೀದಿಗೆ ತೆತ್ತ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವಂತಿಲ್ಲ. ಹಲವು ಸಣ್ಣ ಸಂಸ್ಥೆಗಳು ಇಲ್ಲೇ ಎಡವುತ್ತವೆ. ಬಿಲ್ಲು ಸಂಸ್ಥೆಯ ಹೆಸರಲ್ಲೇ ಇರಲಿ, ಖರ್ಚನ್ನು ಸಿಬ್ಬಂದಿ ಕಲ್ಯಾಣದ ತಲೆಬರಹದಡಿ ಬರೆಯಿರಿ.

ಅದೇ ಎಕ್ಸೆಲ್ ಹಾಳೆಯಲ್ಲಿ ಇನ್ನೊಂದು ಟ್ಯಾಬ್ ತೆರೆದು ಯಾರಿಗೆ ಮೊಟ್ಟೆ ಬೇಡ, ಯಾರಿಗೆ ನೋಂಬು, ಯಾರ ಮನೆ ಬದಲಾಯಿತು, ಯಾವ ಪಾರ್ಸೆಲ್ ಎಷ್ಟು ದಿನಕ್ಕೆ ಮುಟ್ಟಿತು ಎಂದು ಗುರುತು ಮಾಡಿಡಿ, ಮುಂದಿನ ನವೆಂಬರಿನಲ್ಲಿ ಅರ್ಧ ಕೆಲಸ ಉಳಿಯುತ್ತದೆ. ನಮ್ಮ ಹಾಳೆಯಲ್ಲಿ ಹುಬ್ಬಳ್ಳಿಯವರ ಹೆಸರಿನ ಮುಂದೆ ಅವರೇ ಬಂದು ಒಂದು ಸಾಲು ಸೇರಿಸಿಹೋಗಿದ್ದಾರೆ: ಕುಸ್ವಾರ್ ಕಡಿಮೆಯಾದರೂ ನಡೀತದ, ಮಂಡಕ್ಕಿ ಜಾಸ್ತಿ ಹಾಕ್ರಿ.