ಕುವೆಂಪು ಯಾವ ಬೀರುವಿನಲ್ಲಿ?

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಲೈಬ್ರರಿಯ ಕನ್ನಡ ಸಾಹಿತ್ಯವೆಲ್ಲ ರಿಜಿಸ್ಟರ್ ನಂಬರಿನ ಪ್ರಕಾರ ನಿಂತಿತ್ತು. ಯಾವ ಪುಸ್ತಕ ಮೊದಲು ಬಂತೋ ಅದು ಮೊದಲು. 1ರಿಂದ ಶುರುವಾಗಿ ನಾಲ್ಕು ಸಾವಿರ ಚಿಲ್ಲರೆಯವರೆಗೆ. ನನಗಿಂತ ಮುಂಚೆ ಇದ್ದ ಸರ್‌ಗೆ ಅಷ್ಟೂ ಬಾಯಿಪಾಠ. ಯಾರಾದರೂ ಹೆಸರು ಹೇಳಿದರೆ ಎದ್ದು ಹೋಗಿ ಸೀದಾ ಆ ಪುಸ್ತಕಕ್ಕೇ ಕೈ ಹಾಕುತ್ತಿದ್ದರು. ಅವರು ನಿವೃತ್ತರಾದ ಮಾರನೇ ದಿನವೇ ನನ್ನ ಪಾಡು ಶುರುವಾಯಿತು. ಪುಸ್ತಕ ಇದೆ ಅಂತ ರಿಜಿಸ್ಟರ್ ಹೇಳುತ್ತೆ. ಅದನ್ನು ರಿಜಿಸ್ಟರ್‌ನಲ್ಲಿ ಹುಡುಕೋಕೇ ಅರ್ಧ ಗಂಟೆ.

ಲೈಬ್ರರಿಗಳಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ನಂಬರ್ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಅಂತ ನಂಬರ್ ಇದೆ. ಕಾದಂಬರಿಯಾದರೆ ಕೊನೆಗೆ ಇನ್ನೊಂದು 3. ಆದರೆ ಸಾವಿರಾರು ಪುಸ್ತಕದ ಬೆನ್ನಿಗೆ ಒಂದೇ ನಂಬರ್ ಅಂಟಿಸಿ ಏನು ಪ್ರಯೋಜನ? ಅಲ್ಲಿಂದಾಚೆಗೆ ಬರೆದವರ ಹೆಸರೇ ಗತಿ. ಸರಿ, ಅಕ್ಷರಮಾಲೆ ಪ್ರಕಾರ ಜೋಡಿಸೋಣ, ಒಂದು ವಾರದ ಕೆಲಸ ಅಂದುಕೊಂಡೆ.

ಸಹಾಯಕ್ಕಿದ್ದ ಹುಡುಗ ಹುರುಪಿನಿಂದ ಎಲ್ಲ ಹೆಸರನ್ನೂ ರಟ್ಟಿನ ಮೇಲೆ ಇದ್ದ ಹಾಗೇ ಕಂಪ್ಯೂಟರಿಗೆ ಹೊಡೆದು ಪಟ್ಟಿ ತಂದುಕೊಟ್ಟ. ನೋಡಿದರೆ ‘ಎ’ ಅಕ್ಷರದಲ್ಲಿ ಜಾತ್ರೆ! ಎಸ್.ಎಲ್. ಭೈರಪ್ಪ, ಎಂ.ಕೆ. ಇಂದಿರಾ, ಎಚ್ಚು, ಎನ್ನು, ಎಲ್ಲು ಎಲ್ಲರೂ ಅಲ್ಲೇ. ಇಂಗ್ಲಿಷಿನಲ್ಲಿ ಬೇರೆ ಬೇರೆ ಅಕ್ಷರಗಳು, ಕನ್ನಡದಲ್ಲಿ ಬರೆದರೆ ಎಲ್ಲಕ್ಕೂ ಮೊದಲು ‘ಎ’. ನನಗೆ ನಗು ತಡೆಯೋಕಾಗಲಿಲ್ಲ. ಪಾಪ, ಅವನಿಗೆ ಬೇಜಾರಾಯ್ತು.

ಆಮೇಲೆ ನಾನು ಓದಿದ್ದನ್ನು ನೆನೆಸಿಕೊಂಡೆ. ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಅಂತ ಕಾಲೇಜಿನಲ್ಲಿ ಕಲಿಸಿದ್ದರು. ಬೇಂದ್ರೆ, ಕಣವಿ, ಗೋಕಾಕರಿಗೆ ಇದು ಸರಿಹೋಗುತ್ತೆ. ಉತ್ತರ ಕರ್ನಾಟಕದವರು ಲೈಬ್ರರಿಯವರಿಗೆ ಉಪಕಾರ ಮಾಡಿದ್ದಾರೆ. ಹಳೇ ಮೈಸೂರು ಕಡೆ ಹಾಗಲ್ಲ. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಕೆ.ವಿ. ಪುಟ್ಟಪ್ಪ ಅಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಅವರ ಮಗ ಕೆ.ಪಿ., ಅಂದರೆ ಕುಪ್ಪಳಿ ಪುಟ್ಟಪ್ಪ, ಪೂರ್ಣಚಂದ್ರ ತೇಜಸ್ವಿ. ಇಲ್ಲಿ ಮನೆತನದ ಹೆಸರು ಯಾವುದು ಅಂತ ಹುಡುಕೋದು?

ಆದರೂ ಹಠ ಬಿಡದೆ ಕೊನೆಯ ಹೆಸರು ಹಿಡಿದು ಜೋಡಿಸಿದೆ. ಕುವೆಂಪು ‘ಪ’ದಲ್ಲಿ ನಿಂತರು. ಮಾಸ್ತಿಯವರು ‘ಅಯ್ಯಂಗಾರ್’ ಆಗಿ ಮೊದಲನೇ ಬೀರುವಿಗೆ ಹೋದರು. ಅ.ನ.ಕೃ. ಮೂರು ಭಾಗವಾದರು: ಒಂದು ರಟ್ಟಿನಲ್ಲಿ ಅ.ನ.ಕೃ., ಇನ್ನೊಂದರಲ್ಲಿ ಕೃಷ್ಣರಾಯ, ಮತ್ತೊಂದರಲ್ಲಿ ಕೃಷ್ಣರಾವ್. ಎರಡೇ ದಿನಕ್ಕೆ ದೂರು ಬಂತು. ದಿನಾ ಪೇಪರ್ ಓದೋಕೆ ಬರುವ ಮೇಷ್ಟ್ರೊಬ್ಬರು ‘ಮ’ ಹತ್ತಿರ ನಿಂತು, “ಏನಮ್ಮಾ, ಮಾಸ್ತಿಯವರನ್ನ ಮನೆಯಿಂದ ಆಚೆ ಹಾಕಿದ್ದೀಯಾ?” ಅಂದರು.

ಅವತ್ತು ಒಂದು ನೋಟ್‌ಬುಕ್ ತೆಗೆದು ಕೌಂಟರ್ ಪಕ್ಕ ಇಟ್ಟುಕೊಂಡೆ. ಬಂದವರು ಪುಸ್ತಕ ಹೇಗೆ ಕೇಳುತ್ತಾರೆ, ಅದನ್ನು ಅವರ ಮಾತಲ್ಲೇ ಬರೆಯೋದು. ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟಿದ್ದು ಇದೊಂದೇ. “ಭೈರಪ್ಪಂದು ಕೊಡಿ.” “ತೇಜಸ್ವಿ ಯಾವುದಾದ್ರೂ.” “ತ್ರಿವೇಣಿ ಕಾದಂಬರಿ ಬೇಕಿತ್ತು.” ತ್ರಿವೇಣಿಯ ನಿಜವಾದ ಹೆಸರು ಅನಸೂಯಾ ಶಂಕರ್ ಅಂತ ಒಬ್ಬರೂ ಕೇಳಲಿಲ್ಲ. ಬೀಚಿಯನ್ನು ಭೀಮಸೇನರಾವ್ ಅಂತ ಯಾರು ಹುಡುಕುತ್ತಾರೆ? ಬೇಂದ್ರೆಯವರು ‘ಅಂಬಿಕಾತನಯದತ್ತ’ ಅಂತ ಬರೆದುಕೊಂಡರು, ಆದರೆ ಜನ ಕೇಳೋದು ಬೇಂದ್ರೆ ಅಂತಲೇ. ಅಂದರೆ ಇದಕ್ಕೆ ಒಂದು ನಿಯಮ ಅಂತಿಲ್ಲ. ಕೆಲವರ ಕಾವ್ಯನಾಮ ಗೆದ್ದಿದೆ, ಕೆಲವರ ಊರು, ಕೆಲವರ ಮನೆತನ. ಒಬ್ಬ ಹುಡುಗಿ ಮಾತ್ರ “ಅಜ್ಜಿ ಓದ್ತಿದ್ದಿದ್ದು, ನೀಲಿ ರಟ್ಟು” ಅಂದಳು. ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಹದಿನೈದು ದಿನ ಬರೆದೆ. ಜನ ಏನಂತ ಕರೆಯುತ್ತಾರೋ ಅದೇ ಹೆಸರಿನ ಮೊದಲ ಎರಡು ಅಕ್ಷರ ಬರೆದು ಬೆನ್ನಿಗೆ ಚೀಟಿ ಅಂಟಿಸಿದೆ. ಮೈದಾ ಗೋಂದು ಹಚ್ಚಿದರೆ ಜಿರಲೆ ಬರುತ್ತೆ ಅಂತ ಅಂಗಡಿ ಗೋಂದೇ ತಂದೆ. ಉಳಿದ ಹೆಸರುಗಳಿಗೆ ಪುಸ್ತಕದ ಅಳತೆಗೇ ರಟ್ಟು ಕತ್ತರಿಸಿ ಅಲ್ಲಲ್ಲಿ ಸಿಕ್ಕಿಸಿದೆ: ‘ಪುಟ್ಟಪ್ಪ, ಕೆ.ವಿ. — ಕುವೆಂಪು ನೋಡಿ.’ ‘ಕೃಷ್ಣರಾಯ, ಅ.ನ. — ಅ.ನ.ಕೃ. ನೋಡಿ.’ ಹಳೇ ಕ್ಯಾಟಲಾಗ್ ಕಾರ್ಡುಗಳಲ್ಲಿ ಈ ‘ನೋಡಿ’ ಮೊದಲಿಂದಲೂ ಇತ್ತು, ನಾನು ಅದನ್ನು ಬೀರುವಿಗೆ ತಂದೆ ಅಷ್ಟೇ. ಪಂಪ, ರನ್ನ, ಜನ್ನರದು ಏನೂ ತಕರಾರಿರಲಿಲ್ಲ.

ಈ ಕೆಲಸದ ನಡುವೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರು ಜಾಸ್ತಿ ನೆನಪಾಗುತ್ತಿದ್ದರು. ಓದುಗರ ಸಮಯ ಉಳಿಸಿ ಅಂತ 1931ರಲ್ಲೇ ಹೇಳಿದವರು. 1962ರಲ್ಲಿ ಬೆಂಗಳೂರಿನಲ್ಲಿ ನಮ್ಮ ವಿದ್ಯೆಗೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು. ಪುಸ್ತಕ ವಿಂಗಡಿಸೋಕೆ ಅವರೇ ಮಾಡಿದ ಕೋಲನ್ ಪದ್ಧತಿಯಲ್ಲಿ ಸಾಹಿತಿಗಳಿಗೆ ಹೆಸರಿನ ಗೋಜೇ ಇಲ್ಲ, ಹುಟ್ಟಿದ ವರ್ಷವೇ ಗುರುತು: 18ರಿಂದ ಶುರುವಾಗುವ ಇಸವಿಗೆ ಎಂ, 19ರಿಂದ ಶುರುವಾದರೆ ಎನ್. 1904ರಲ್ಲಿ ಹುಟ್ಟಿದ ಕುವೆಂಪು ಎನ್04, 1896ರ ಬೇಂದ್ರೆ ಎಂ96. ಎಷ್ಟು ಜಾಣತನ ಅಲ್ವಾ? ಆದರೆ “ಎನ್04 ಕೊಡಿ” ಅಂತ ಕೇಳುವ ಓದುಗರು ನನಗಿನ್ನೂ ಸಿಕ್ಕಿಲ್ಲ. ಅಂದಹಾಗೆ ರಂಗನಾಥನ್ ಅವರ ಹೆಸರೂ ನಮ್ಮವರ ಥರದ್ದೇ. ಶಿಯಾಳಿ ಊರು, ರಾಮಾಮೃತ ಅಪ್ಪ, ರಂಗನಾಥನ್ ತಾನು.

ಈಗ ಜನ ತಾವೇ ಹೋಗಿ ಪುಸ್ತಕ ತೆಗೆದುಕೊಳ್ಳುತ್ತಾರೆ. ವಾಪಸ್ ಇಡುವಾಗ ಮಾತ್ರ ಎಲ್ಲೆಲ್ಲೋ ತುರುಕುತ್ತಾರೆ, ಅದು ಬೇರೆ ಕಥೆ. ನಿವೃತ್ತರಾದ ಸರ್ ಕೂಡ ತಿಂಗಳಿಗೊಮ್ಮೆ ಬರುತ್ತಾರೆ. ಮೊದಲಿನ ಹಾಗೇ ಸೀದಾ ನಾಲ್ಕನೇ ಬೀರುವಿನ ಹತ್ತಿರ ಹೋಗಿ ಕೈ ಚಾಚುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ.

“2417 ಎಲ್ಲಿಟ್ಟಿದ್ದೀಯಮ್ಮಾ?”

“ಒಂದ್ನಿಮಿಷ ಸರ್,” ಅಂತ ನಾನು ರಿಜಿಸ್ಟರ್ ತೆಗೆಯುತ್ತೇನೆ.